ಪದದ ಪಕ್ಕ ಪದವಿಟ್ಟು: ಮಕ್ಕಳಿಗೆ ಕನ್ನಡ ಓದು ಮತ್ತು ಕಾಗುಣಿತ ಕಲಿಸುವ ಸಮಗ್ರ ಮಾರ್ಗದರ್ಶಿ

ಎರಡನೆಯ ತರಗತಿಯ ಹುಡುಗನೊಬ್ಬ ಕಾಗುಣಿತವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. ‘ಕ’ದಿಂದ ‘ಳ’ದವರೆಗೆ ಎಲ್ಲೂ ತಡವರಿಸಲಿಲ್ಲ. ಆಮೇಲೆ ನಾನು ಚೀಟಿಯೊಂದರಲ್ಲಿ ‘ಗೂಡು’ ಎಂದು ಬರೆದು ಅವನ ಮುಂದಿಟ್ಟೆ. ಅವನ ತುಟಿ ಮೆಲ್ಲಗೆ ಅಲುಗಾಡತೊಡಗಿತು: ಗ, ಗಾ, ಗಿ, ಗೀ, ಗು, ಗೂ. ಬೆರಳು ಮಡಿಸಿ ಎಣಿಸುತ್ತ ‘ಗೂ’ಗೆ ಬಂದು ನಿಂತ. ಮತ್ತೆ ಡ, ಡಾ, ಡಿ, ಡೀ, ಡು. ‘ಡು’ ಸಿಗುವ ಹೊತ್ತಿಗೆ ‘ಗೂ’ ಮರೆತುಹೋಗಿತ್ತು.

ಅವನಿಗೆ ಹಾಡು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಅದು ಅವನ ತಪ್ಪಲ್ಲ. ‘ಗು’ ಮತ್ತು ‘ಗೂ’ಗಳ ನಡುವೆ ಏನು ಬದಲಾಯಿತು ಎಂದು ಯಾರೂ ಅವನಿಗೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿರಲಿಲ್ಲ. ಮುಂದೆ ಹೇಳುವ ಎಲ್ಲ ಚಟುವಟಿಕೆಗಳೂ ಈ ಒಂದೇ ಮಾತಿನ ಮೇಲೆ ನಿಂತಿವೆ: ಪದವನ್ನು ಒಂಟಿಯಾಗಿ ಕಲಿಸಬೇಡಿ. ಅದರ ಪಕ್ಕದಲ್ಲಿ ಇನ್ನೊಂದು ಪದವನ್ನಿಡಿ, ವ್ಯತ್ಯಾಸವನ್ನು ಮಗುವೇ ಹುಡುಕಲಿ.

ಕನ್ನಡದಲ್ಲಿ 49 ಅಕ್ಷರಗಳಿವೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮಗುವಿನ ಕಣ್ಣಿನ ಲೆಕ್ಕ ಬೇರೆ. 34 ವ್ಯಂಜನಗಳಿಗೆ ತಲಾ 15 ರೂಪಗಳಂತೆ ಹಿಡಿದರೆ ಗುಣಿತಾಕ್ಷರಗಳೇ 510. ಅದರ ಮೇಲೆ ಒತ್ತಕ್ಷರಗಳು. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಅಕ್ಷರಜ್ಞಾನ ಮೊದಲೆರಡು ವರ್ಷಗಳಲ್ಲಿ ಮುಗಿದುಹೋಗುವುದಿಲ್ಲ, ಮೇಲಿನ ತರಗತಿಗಳವರೆಗೂ ಅದು ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಮೂರನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿಯಾಗಬೇಡಿ.

ಮೊದಲ ಹೆಜ್ಜೆ: ಮಗು ಎಲ್ಲಿ ನಿಂತಿದೆ?

ಈ 20 ಪದಗಳನ್ನು ಒಂದೊಂದಾಗಿ ಹೇಳಿ ಬರೆಸಿ: ಮರ, ನಗರ, ಕಾಡು, ಚೀಲ, ಗೂಡು, ಬೇರು, ಕೋಳಿ, ಮಂಚ, ತುಂಬ, ಅಕ್ಕ, ಕತ್ತೆ, ಹಲ್ಲು, ಹಣ್ಣು, ಪ್ರೀತಿ, ಚಂದ್ರ, ಪುಸ್ತಕ, ಸೂರ್ಯ, ಧನ, ಭಾಷೆ, ಶಾಲೆ. ಪ್ರತಿ ಪದವನ್ನೂ ಒಮ್ಮೆ ಬಿಡಿಯಾಗಿ, ಒಮ್ಮೆ ವಾಕ್ಯದಲ್ಲಿ, ಮತ್ತೊಮ್ಮೆ ಬಿಡಿಯಾಗಿ ಹೇಳಿ. ಅಕ್ಷರ ಅಕ್ಷರವಾಗಿ ಎಳೆದು ಹೇಳಬೇಡಿ. ಹಾಗೆ ಹೇಳಿದರೆ ಮಗು ಮಾಡಬೇಕಾದ ಕೆಲಸವನ್ನು ನೀವೇ ಮಾಡಿದಂತಾಗುತ್ತದೆ.

ಅಂದು ಕೆಂಪು ಶಾಯಿ ಮುಟ್ಟಬೇಡಿ. ಹಾಳೆಯನ್ನು ತೆಗೆದಿಟ್ಟುಕೊಂಡು, ಮಗು ಮಲಗಿದ ಮೇಲೆ ನಿಧಾನವಾಗಿ ಓದಿ. ‘ಕಾಡು’ ಎಂಬುದು ‘ಕಡು’ ಆಗಿದ್ದರೆ ಹ್ರಸ್ವ-ದೀರ್ಘದ ಕೆಲಸ ಬಾಕಿಯಿದೆ. ‘ಕತ್ತೆ’ ಎಂಬುದು ‘ಕತೆ’ ಆಗಿದ್ದರೆ ಸಜಾತೀಯ ಒತ್ತು, ಅಂದರೆ ಒಂದು ಅಕ್ಷರಕ್ಕೆ ಅದರದೇ ಒತ್ತು, ಇನ್ನೂ ಕಿವಿಗೆ ಬಿದ್ದಿಲ್ಲ. ‘ಪುಸ್ತಕ’ ಎಂಬುದು ‘ಪುತ್ಸಕ’ ಆಗಿದ್ದರೆ ಎರಡು ವ್ಯಂಜನಗಳಿವೆ ಎಂದು ಮಗುವಿಗೆ ಗೊತ್ತಿದೆ, ಅವುಗಳ ಸರದಿ ಮಾತ್ರ ತಪ್ಪಿದೆ. ಇದು ಒಳ್ಳೆಯ ಸುದ್ದಿ. ‘ಭಾಷೆ’ ಎಂಬುದು ‘ಬಾಸೆ’ ಆಗಿದ್ದರೆ ಮಗು ತಾನು ಮಾತಾಡುವಂತೆಯೇ ಬರೆದಿದೆ. ನಾಲ್ಕೂ ತಪ್ಪುಗಳೇ, ಆದರೆ ನಾಲ್ಕಕ್ಕೂ ಬೇರೆ ಬೇರೆ ಮದ್ದು. ಎಲ್ಲದಕ್ಕೂ ‘ಹತ್ತು ಸಲ ಬರೆ’ ಎಂಬ ಒಂದೇ ಶಿಕ್ಷೆ ಕೊಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಹತ್ತು ಸಲ ನಕಲು ಮಾಡುವಾಗ ಕೈ ಓಡುತ್ತದೆ, ತಲೆ ಸುಮ್ಮನೆ ಕುಳಿತಿರುತ್ತದೆ.

ಪಟ್ಟಿಯಲ್ಲಿ ಮೊದಲು ಎಲ್ಲಿ ಎರಡು ಮೂರು ತಪ್ಪುಗಳು ಗುಂಪಾಗಿ ಕಾಣುತ್ತವೆಯೋ ಅಲ್ಲಿಂದಲೇ ಆರಂಭಿಸಿ. ಅದಕ್ಕೂ ಮುಂದಿನದನ್ನು ಸದ್ಯಕ್ಕೆ ಬಿಟ್ಟುಬಿಡಿ.

ಎರಡನೆಯ ಹೆಜ್ಜೆ: ಕಣ್ಣಿಗಿಂತ ಮೊದಲು ಕಿವಿ

ಚಪ್ಪಾಳೆ ತಟ್ಟಿ ಪದವನ್ನು ಒಡೆಯುವ ಆಟ ಎಲ್ಲರಿಗೂ ಗೊತ್ತು: ನ-ಗ-ರ, ಮೂರು ಚಪ್ಪಾಳೆ. ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ. ಕಷ್ಟವಿರುವುದು ಅದರ ಮುಂದಿನ ಹಂತದಲ್ಲಿ. ‘ಕಾ’ ಎಂಬ ಒಂದು ಅಕ್ಷರದೊಳಗೆ ‘ಕ್’ ಮತ್ತು ‘ಆ’ ಎಂಬ ಎರಡು ಧ್ವನಿಗಳಿವೆ ಎಂಬುದು ಮಗುವಿಗೆ ತಾನಾಗಿ ಹೊಳೆಯುವುದಿಲ್ಲ, ಏಕೆಂದರೆ ನಮ್ಮ ಲಿಪಿ ಅವೆರಡನ್ನೂ ಒಂದೇ ಆಕಾರದಲ್ಲಿ ಬೆಸೆದುಬಿಟ್ಟಿದೆ.

ಇದಕ್ಕೆ ನಾನು ಬಳಸುವ ಆಟ ತೀರ ಸರಳ. ‘ಹಾಡು’ ಎನ್ನಿ. ಮೊದಲ ಧ್ವನಿಯನ್ನು ನುಂಗಿಬಿಟ್ಟರೆ ಏನು ಉಳಿಯುತ್ತದೆ ಎಂದು ಕೇಳಿ. ಉತ್ತರ: ‘ಆಡು’. ‘ಕಾಡು’ ಎಂಬುದರಲ್ಲೂ ಅದೇ ‘ಆಡು’, ‘ನಾಡು’ ಎಂಬುದರಲ್ಲೂ ಅದೇ. ‘ನೂರು’ ಎಂಬುದರಲ್ಲಿ ‘ಊರು’ ಅಡಗಿದೆ. ‘ಮೇಳು’ ಎನ್ನುವ ಪದವಿಲ್ಲ, ಆದರೆ ‘ಏಳು’ ಎಂಬುದಕ್ಕೆ ‘ಹ್’ ಸೇರಿಸಿದರೆ ‘ಹೇಳು’, ‘ಕ್’ ಸೇರಿಸಿದರೆ ‘ಕೇಳು’. ಕಾಗದ ಪೆನ್ಸಿಲ್ ಇಲ್ಲದೆ, ನಡೆಯುತ್ತಲೋ ಪ್ರಯಾಣದಲ್ಲೋ ದಿನಕ್ಕೆ ಐದು ನಿಮಿಷ ಆಡಿದರೆ ಸಾಕು. ಸ್ವರ ಎಂಬುದು ವ್ಯಂಜನದ ಬೆನ್ನೇರಿ ಕುಳಿತಿದೆ ಎಂದು ಕಿವಿಗೆ ತಿಳಿದ ಮೇಲೆ ಗುಣಿತದ ಚಿಹ್ನೆಗಳು ಮಗುವಿಗೆ ಅರ್ಥವಿಲ್ಲದ ಬಾಲಗಳಾಗಿ ಕಾಣುವುದಿಲ್ಲ.

ಮೂರನೆಯ ಹೆಜ್ಜೆ: ಕೆಲವೇ ಅಕ್ಷರ, ಕೂಡಲೇ ಪದ

ವರ್ಣಮಾಲೆಯ ಸರದಿ ವ್ಯಾಕರಣಕ್ಕೆ ಬಹಳ ಸೊಗಸಾದದ್ದು. ಓದಲು ಆರಂಭಿಸುವವರಿಗೆ ಅದೇ ಸರದಿ ಬೇಕಾಗಿಲ್ಲ. ಅ, ಆ, ಇ, ಈ ಎಂದು ಹೊರಟ ಮಗುವಿಗೆ ಒಂದು ಪದ ಓದುವ ಸುಖ ಸಿಗಲು ವಾರಗಳೇ ಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿಕಲಿ ಪದ್ಧತಿ ಈ ಸರದಿಯನ್ನು ಬಿಟ್ಟು ‘ರ ಗ ಸ ದ ಅ’ ಎಂಬ ಗುಂಪಿನಿಂದ ಹೊರಡುತ್ತದೆ. ಐದೇ ಅಕ್ಷರಗಳಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲವೂ ಸಿಗುತ್ತವೆ. ಅದಕ್ಕೆ ಜ, ವ, ಮ, ಬ, ನ ಸೇರಿಸಿದರೆ ಮರ, ಜನ, ದನ, ಗಜ, ನಗರ, ಗಮನ, ಅವಸರ. ಹತ್ತು ಅಕ್ಷರ ಕಲಿತ ಮಗು ಇಷ್ಟೆಲ್ಲ ಓದುತ್ತದೆ!

ಅಕ್ಷರಕ್ಕೊಂದರಂತೆ ಗಟ್ಟಿ ಕಾಗದದ ಚೀಟಿ ಮಾಡಿಕೊಳ್ಳಿ. ಮಗು ಚೀಟಿಗಳನ್ನು ಸರಿಸಿ ಪದ ಕಟ್ಟಲಿ, ಕಟ್ಟಿದ್ದನ್ನು ಬೆರಳಿಟ್ಟು ಓದಲಿ, ಆಮೇಲೆ ಮುಚ್ಚಿ ಬರೆಯಲಿ. ‘ರಸಗ’ ಎಂದು ಅರ್ಥವಿಲ್ಲದ್ದನ್ನು ಕಟ್ಟಿದರೂ ಓದಿಸಿ. ಅರ್ಥವಿಲ್ಲದ ಪದವನ್ನು ಊಹೆಯಿಂದ ಓದಲಾಗದು, ಆದ್ದರಿಂದ ಮಗು ನಿಜವಾಗಿ ಅಕ್ಷರ ನೋಡಿ ಓದುತ್ತಿದೆಯೇ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಒಂದು ಎಚ್ಚರಿಕೆ. ಕಣ್ಣಿಗೆ ಹತ್ತಿರವಾದ ಅಕ್ಷರಗಳನ್ನು ಒಂದೇ ದಿನ ಹೊಸದಾಗಿ ಪರಿಚಯಿಸಬೇಡಿ: ವ-ಮ, ರ-ಠ, ದ-ಧ-ಥ, ನ-ಸ, ಎ-ಐ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ. ತಂದ ಮೇಲೆ ಮಾತ್ರ ಎರಡನ್ನೂ ಬೇಕೆಂದೇ ಪಕ್ಕದಲ್ಲಿಟ್ಟು, ‘ಎಲ್ಲಿ ಬೇರೆಯಾಯಿತು? ಬೆರಳಿಟ್ಟು ತೋರಿಸು’ ಎನ್ನಿ.

ನಾಲ್ಕನೆಯ ಹೆಜ್ಜೆ: ಗುಣಿತವನ್ನು ಅಡ್ಡಸಾಲಿನಲ್ಲಲ್ಲ, ಕಂಬಸಾಲಿನಲ್ಲಿ

ಕ, ಕಾ, ಕಿ, ಕೀ ಎಂದು ಒಂದು ಅಕ್ಷರಕ್ಕೆ ಎಲ್ಲ ಚಿಹ್ನೆಗಳನ್ನೂ ಹಚ್ಚುವ ಬದಲು, ಒಂದೇ ಚಿಹ್ನೆಯನ್ನು ಗೊತ್ತಿರುವ ಎಲ್ಲ ಅಕ್ಷರಗಳಿಗೂ ಹಚ್ಚಿ. ಈ ವಾರ ಇಳಿ ಮಾತ್ರ: ರಾ, ಗಾ, ಸಾ, ದಾ, ಮಾ, ನಾ. ಮುಂದಿನ ವಾರ ಗುಡಿಸು, ಅದರ ಮುಂದಿನ ವಾರ ಕೊಂಬು. ಹೀಗೆ ಕಲಿತ ಮಗು ಯಾವ ಅಕ್ಷರದ ಮೇಲೆ ಇಳಿ ಕಂಡರೂ ‘ಆ’ ಎನ್ನುತ್ತದೆ. ಹಾಡನ್ನು ಮೊದಲಿನಿಂದ ಹೇಳಿಕೊಂಡು ಬರಬೇಕಾಗಿಲ್ಲ.

ಪದ ವಿಂಗಡಣೆ ಇಲ್ಲಿ ಶುರುವಾಗುತ್ತದೆ. ಒಂದು ವಾರದ ಕೆಲಸವನ್ನು ಬಿಡಿಸಿ ಹೇಳುತ್ತೇನೆ, ಮುಂದಿನ ಎಲ್ಲ ವಾರಗಳಿಗೂ ಇದೇ ಅಚ್ಚು.

ಹನ್ನೆರಡು ಚೀಟಿ ಬರೆದುಕೊಳ್ಳಿ: ಬಲ, ಬಾಲ, ವರ, ವಾರ, ದನ, ದಾನ, ಜಗ, ಜಾಗ, ಸಲ, ಸಾಲ, ತಳ, ತಾಳ. ಅರ್ಥ ಗೊತ್ತಿಲ್ಲದ ಪದವಿದ್ದರೆ ಮೊದಲೇ ಹೇಳಿಬಿಡಿ. ಮೊದಲ ದಿನ ಮೇಜಿನ ಮೇಲೆ ‘ಮರ’ ಮತ್ತು ‘ಗಾಳ’ ಎಂಬ ಎರಡು ತಲೆಪದಗಳನ್ನಿಟ್ಟು, ಪ್ರತಿ ಚೀಟಿಯನ್ನೂ ಗಟ್ಟಿಯಾಗಿ ಓದಿ ಸರಿಯಾದ ಸಾಲಿಗೆ ಇಡಲು ಹೇಳಿ. ಓದದೆ ಇಟ್ಟರೆ ಲೆಕ್ಕಕ್ಕಿಲ್ಲ, ಏಕೆಂದರೆ ಇಳಿಯ ಆಕಾರ ನೋಡಿ ಯಾರಾದರೂ ಇಡಬಹುದು. ಇಟ್ಟಾದ ಮೇಲೆ ‘ಈ ಸಾಲಿನವೆಲ್ಲ ಇಲ್ಲೇಕೆ ಸೇರಿದವು?’ ಎಂದು ಕೇಳಿ. ಉತ್ತರ ಮಗುವಿನ ಬಾಯಿಂದಲೇ ಬರಬೇಕು, ಎಷ್ಟು ತೊದಲಿದರೂ ಸರಿ. ಎರಡನೆಯ ದಿನ ಚೀಟಿ ನಿಮ್ಮ ಕೈಯಲ್ಲಿರಲಿ: ತೋರಿಸದೆ ಓದಿ, ಯಾವ ಸಾಲು ಎಂದು ಮಗು ಬೆರಳಿಡಲಿ. ಕಿವಿಯ ಪರೀಕ್ಷೆ ಇದೇ. ಮೂರನೆಯ ದಿನ ಅದನ್ನೇ ಬರೆದು ವಿಂಗಡಿಸಲಿ. ನಾಲ್ಕನೆಯ ದಿನ ಕಥೆಪುಸ್ತಕದ ಒಂದು ಪುಟದಲ್ಲಿ ಇಳಿಯಿರುವ ಪದಗಳ ಬೇಟೆ. ಐದನೆಯ ದಿನ ಆರು ಪದ ಮತ್ತು ಎರಡು ಪುಟ್ಟ ವಾಕ್ಯಗಳ ಉಕ್ತಲೇಖನ. ಅವುಗಳಲ್ಲಿ ವಾರದ ಚೀಟಿಗಳಲ್ಲಿಲ್ಲದ ‘ರಾಗ’, ‘ನಾಗ’ದಂಥ ಒಂದೆರಡು ಪದಗಳಿರಲಿ. ಆ ಪದಗಳನ್ನು ಸರಿಯಾಗಿ ಬರೆದರೆ ಮಗು ಕಲಿತದ್ದು ಪಟ್ಟಿಯನ್ನಲ್ಲ, ಗುಟ್ಟನ್ನು.

ಚಿಹ್ನೆಗಳು ಹೆಚ್ಚಿದಂತೆ ನಮ್ಮ ಲಿಪಿಯ ಒಂದು ಚಂದ ಕಾಣಿಸುತ್ತದೆ. ಕಿ-ಕೀ, ಕೆ-ಕೇ, ಕೊ-ಕೋ ಎಂಬ ಮೂರು ಜೋಡಿಗಳನ್ನು ದೊಡ್ಡದಾಗಿ ಬರೆದು ಮಗುವಿನ ಮುಂದಿಡಿ. ಎಡಗಡೆಯದಕ್ಕೆ ಏನು ಸೇರಿತು? ಮೂರರಲ್ಲೂ ಒಂದೇ ದೀರ್ಘದ ಗುರುತು. ಇದನ್ನು ತಾನೇ ಕಂಡುಹಿಡಿದ ಮಗುವಿನ ಮುಖ ನೋಡಬೇಕು. ಹಾಗೆಯೇ ‘ಕೊ’ದಲ್ಲಿ ‘ಕೆ’ಯ ಏತ್ವವೂ ‘ಕೂ’ದ ಬಾಲವೂ ಇವೆ. ‘ಕೊಡು’ ಎಂಬುದನ್ನು ಮಗು ‘ಕೆಡು’ ಎಂದು ಓದಿದರೆ ಅದು ಅರ್ಧ ಚಿಹ್ನೆಯನ್ನು ನೋಡಿ ನಿಂತುಬಿಟ್ಟಿದೆ ಎಂದರ್ಥ. ‘ಪೂರ್ತಿ ನೋಡು’ ಎಂದು ಬಲಗಡೆಯ ಬಾಲಕ್ಕೆ ಬೆರಳಿಡಿ.

‘ಪು’ ಮತ್ತು ‘ವು’ಗಳನ್ನು ಮಾತ್ರ ಬೇರೆಯಾಗಿ ಕಲಿಸಿ. ‘ಕು’, ‘ಗು’ಗಳಲ್ಲಿ ಕೊಂಬು ಪಕ್ಕದಲ್ಲಿ ನಿಲ್ಲುತ್ತದೆ, ಇವೆರಡರಲ್ಲಿ ಕೆಳಕ್ಕೆ ಇಳಿಯುತ್ತದೆ. ಪಕ್ಕದಲ್ಲೇ ನಿಂತರೆ ‘ವು’ ಎಂಬುದು ‘ಮ’ದಂತೆ ಕಾಣುತ್ತದೆ. ಕಾರಣ ಹೇಳಿದರೆ ಮಗು ಮರೆಯುವುದಿಲ್ಲ.

ಪದಸರಪಳಿ

ವಾರದ ನಡುವೆ ಬೇಸರ ಬಂದರೆ ಈ ಆಟ. ಒಂದು ಪದದಲ್ಲಿ ಒಂದೇ ಬದಲಾವಣೆ ಮಾಡಿ ಮುಂದಿನ ಪದಕ್ಕೆ ಹೋಗಬೇಕು. ಮರ, ಮರಿ, ಗರಿ, ಗುರಿ, ಕುರಿ, ಕುಡಿ, ಗುಡಿ, ಗಡಿ, ಗಾಡಿ, ಹಾಡಿ, ಹಾಡು, ಕಾಡು, ನಾಡು, ನಡು. ಪದವನ್ನು ನೀವು ಹೇಳಬೇಡಿ, ಸುಳಿವು ಕೊಡಿ: ‘ಮರದ ಕೊನೆ ಬದಲಾಯಿಸು, ಬೆಕ್ಕಿನ ಹಿಂದೆ ಓಡುವುದು ಸಿಗುತ್ತದೆ’. ‘ಈಗ ಮೊದಲ ಅಕ್ಷರ ಬದಲಾಯಿಸು, ನವಿಲಿನ ಮೈಮೇಲಿದೆ’. ಪ್ರತಿ ಹೆಜ್ಜೆಯಲ್ಲೂ ಯಾವ ಅಕ್ಷರ ಉಳಿಯಿತು, ಯಾವುದು ಹೋಯಿತು ಎಂದು ಮಗು ನೋಡಲೇಬೇಕಾಗುತ್ತದೆ. ಓದು, ಬರವಣಿಗೆ, ಅರ್ಥ ಮೂರನ್ನೂ ಒಟ್ಟಿಗೆ ಹಿಡಿಯುವ ಆಟ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಐದನೆಯ ಹೆಜ್ಜೆ: ಒತ್ತಕ್ಷರ

ಇಲ್ಲಿ ಅವಸರ ಮಾಡಿದವರೇ ಹೆಚ್ಚು, ಮಕ್ಕಳು ಸೋಲುವುದೂ ಇಲ್ಲಿಯೇ. ಎರಡು ತಿಂಗಳು ಹಿಡಿದರೂ ಹಿಡಿಯಲಿ.

ಸಜಾತೀಯದಿಂದ ಆರಂಭಿಸಿ, ಅದೂ ಜೋಡಿಗಳಲ್ಲಿ: ಕತೆ-ಕತ್ತೆ, ಬಳಿ-ಬಳ್ಳಿ, ಅಡಿ-ಅಡ್ಡಿ, ಎಲೆ-ಎಲ್ಲೆ. ಎರಡನ್ನೂ ಹೇಳುವಾಗ ಮಗು ತನ್ನ ನಾಲಿಗೆಯನ್ನು ಗಮನಿಸಲಿ. ‘ಕತೆ’ಯಲ್ಲಿ ನಾಲಿಗೆ ಹಲ್ಲನ್ನು ಮುಟ್ಟಿ ಕೂಡಲೇ ಬಿಡುತ್ತದೆ, ‘ಕತ್ತೆ’ಯಲ್ಲಿ ಒಂದು ಕ್ಷಣ ಅಲ್ಲಿಯೇ ಒತ್ತಿ ನಿಲ್ಲುತ್ತದೆ. ಈ ನಿಲುಗಡೆಯೇ ಒತ್ತು. ‘ಒತ್ತು’ ಎಂಬ ಹೆಸರಿನಲ್ಲೇ ಅದಿದೆ ಎಂದು ತೋರಿಸಿ.

ಆಕಾರಗಳ ವಿಷಯಕ್ಕೆ ಬಂದರೆ, ಬಹುತೇಕ ಒತ್ತುಗಳು ತಲೆಕಟ್ಟು ಕಳಚಿಟ್ಟ ಪುಟ್ಟ ಅಕ್ಷರಗಳೇ: ಅಕ್ಕ, ಅಪ್ಪ, ಹಳ್ಳ. ಮೂಲಕ್ಕೆ ಹೋಲದವು ಆರು: ತ, ನ, ಮ, ಯ, ರ, ಲ. ಅತ್ತ, ಅನ್ನ, ಅಮ್ಮ, ಅಯ್ಯೋ, ಚಕ್ರ, ಬೆಲ್ಲ ಎಂದು ಆರು ಚೀಟಿಗಳನ್ನು ಗೋಡೆಗೆ ಅಂಟಿಸಿಬಿಡಿ. ಒತ್ತು ಮರೆತಾಗ ಮಗು ಕತ್ತೆತ್ತಿ ನೋಡಿಕೊಳ್ಳಲಿ.

ಈಗ ನಿಜವಾದ ತೊಡಕು. ‘ಪ್ರೀತಿ’ ಎಂಬುದನ್ನು ಮಕ್ಕಳು ‘ಪೀರತಿ’ ಎಂದು ಓದುವುದನ್ನು ನೀವೂ ಕೇಳಿರಬಹುದು. ಮಗು ಓದಿದ್ದು ಕಣ್ಣಿಗೆ ಕಂಡಂತೆಯೇ! ಮೇಲೆ ‘ಪೀ’ ಇದೆ, ಕೆಳಗೆ ‘ರ’ ಒತ್ತಿದೆ. ಸ್ವರದ ಚಿಹ್ನೆ ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದ್ದರೂ ಉಚ್ಚಾರದಲ್ಲಿ ಅದು ಒತ್ತಿನ ನಂತರ ಬರುತ್ತದೆ ಎಂಬ ಗುಟ್ಟನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು. ನಾನು ಬೆರಳಿನ ದಾರಿ ಕಲಿಸುತ್ತೇನೆ. ಮೊದಲು ಮೇಲಿನ ಅಕ್ಷರ, ಸ್ವರ ಬಿಟ್ಟು: ಪ್. ಬೆರಳು ಕೆಳಕ್ಕೆ: ರ್. ಬೆರಳು ಮತ್ತೆ ಮೇಲಕ್ಕೆ, ಚಿಹ್ನೆಗೆ: ಈ. ಪ್, ರ್, ಈ: ಪ್ರೀ. ಬರೆಯುವಾಗಲೂ ಇದೇ ದಾರಿಯಲ್ಲಿ ಬಿಡಿಸಿ, ಆಮೇಲೆ ಕೂಡಿಸಿ ಬರೆಯಲಿ. ವಾರವೊಂದು ಹೀಗೆ ಮಾಡಿದ ಹುಡುಗಿಯೊಬ್ಬಳು ‘ಸ್ತ್ರೀ’ ಎಂಬ ಮೂರಂತಸ್ತಿನ ಅಕ್ಷರವನ್ನು ಬೆರಳು ಇಳಿಸಿ ಏರಿಸಿ ತಾನೇ ಓದಿ, ನನ್ನತ್ತ ತಿರುಗಿ ‘ಇದರಲ್ಲಿ ನಾಲ್ಕು ಜನ ಇದ್ದಾರೆ’ ಎಂದಳು. ಸ್, ತ್, ರ್, ಈ. ಲೆಕ್ಕ ಸರಿಯಾಗಿತ್ತು.

‘ರ್’ ಧ್ವನಿಯ ಗುರುತಾದ ಅರ್ಕಾವತ್ತು ಇದಕ್ಕೆ ತಿರುಗುಮುರುಗು. ಗುರುತು ಅಕ್ಷರದ ನಂತರ ನಿಂತಿರುತ್ತದೆ, ಧ್ವನಿ ಅಕ್ಷರಕ್ಕಿಂತ ಮೊದಲೇ ಬರುತ್ತದೆ. ‘ಸೂರ್ಯ’ ಎಂಬುದು ‘ಸೂಯರ’ ಆಗುವುದು ಇದರಿಂದಲೇ. ಆ ಗುರುತಿಗೆ ಬಣ್ಣದ ಪೆನ್ಸಿಲ್‌ನಿಂದ ಹಿಂದಕ್ಕೆ ಬಾಗಿದ ಬಾಣ ಎಳೆಸಿ: ಸೂರ್ಯ, ವರ್ಷ, ಕಾರ್ಯ, ಅರ್ಥ. ರಕ್ಕೆ ಯ ಒತ್ತು ಕೊಟ್ಟು ಬರೆದದ್ದೂ ಮುದ್ರಣದಲ್ಲಿ ಸಿಗುತ್ತದೆ. ಎರಡೂ ಒಂದೇ ಎಂದು ತೋರಿಸಿಬಿಟ್ಟರೆ ಗೊಂದಲವಿರುವುದಿಲ್ಲ.

ಅನುಸ್ವಾರಕ್ಕೆ ಒಂದೇ ಒಂದು ವಿಂಗಡಣೆ ಸಾಕು. ಅಂಕ, ಮಂಚ, ತಂಡ, ಅಂದ, ತುಂಬ ಎಂದು ಹೇಳಿಸಿ, ಸೊನ್ನೆಯ ಹೊತ್ತಿಗೆ ಬಾಯಿ ಎಲ್ಲಿದೆ ಎಂದು ಕೇಳಿ. ಮುಂದಿನ ವ್ಯಂಜನ ಎಲ್ಲಿ ಹುಟ್ಟುತ್ತದೆಯೋ ಸೊನ್ನೆಯೂ ಅಲ್ಲಿಯೇ ಹುಟ್ಟುತ್ತದೆ. ‘ತುಂಬ’ ಎನ್ನುವಾಗ ತುಟಿ ಮುಚ್ಚುತ್ತದೆ, ‘ಅಂದ’ ಎನ್ನುವಾಗ ಮುಚ್ಚುವುದಿಲ್ಲ.

ಆರನೆಯ ಹೆಜ್ಜೆ: ಆಡುನುಡಿಗೂ ಬರಹಕ್ಕೂ ನಡುವೆ

ಮನೆಯಲ್ಲಿ ‘ಆಲು’ ಎನ್ನುವ ಮಗು ‘ಹಾಲು’ ಎಂದು ಬರೆಯಬೇಕು. ‘ಬಾಸೆ’ ಎನ್ನುವ ಮಗು ‘ಭಾಷೆ’ ಎಂದು ಬರೆಯಬೇಕು. ಮಗುವಿನ ಮನೆಮಾತನ್ನು ತಪ್ಪು ಎನ್ನಬೇಡಿ, ದಯವಿಟ್ಟು. ‘ಮಾತಿನಲ್ಲಿ ಹೀಗೆ, ಪುಸ್ತಕದಲ್ಲಿ ಹಾಗೆ’ ಎಂದರೆ ಸಾಕು. ಅರ್ಥವೇ ಬದಲಾಗುವ ಜೋಡಿಗಳು ಇಲ್ಲಿ ಒಳ್ಳೆಯ ಗುರುಗಳು: ಅಲ್ಲಿ-ಹಲ್ಲಿ, ಆಡು-ಹಾಡು, ಹುಲಿ-ಹುಳಿ, ಬಲೆ-ಬಳೆ, ಬೆಲೆ-ಬೆಳೆ, ಹಲ್ಲಿ-ಹಳ್ಳಿ, ಅನ್ನ-ಅಣ್ಣ, ದನ-ಧನ, ಮದ್ಯ-ಮಧ್ಯ. ಚಿತ್ರ ಬರೆದು ಜೋಡಿಸಲಿ. ‘ಹಲ್ಲಿಗೆ ಹೋಗಿ ಬಂದೆ’ ಎಂಬ ವಾಕ್ಯಕ್ಕೆ ಚಿತ್ರ ಬರೆಸಿದರೆ ಮಕ್ಕಳು ಬಿದ್ದುಬಿದ್ದು ನಗುತ್ತಾರೆ, ‘ಳ’ವನ್ನು ಮತ್ತೆ ಮರೆಯುವುದಿಲ್ಲ.

ಮಹಾಪ್ರಾಣವನ್ನು ಕಿವಿಯೊಂದನ್ನೇ ನಂಬಿ ಬರೆಯಲಾಗದು, ಅನೇಕ ಸಲ ನಾವೇ ಅದನ್ನು ಉಚ್ಚರಿಸುವುದಿಲ್ಲ. ಇಲ್ಲಿ ಪದಗಳ ಕುಟುಂಬ ಕೈಹಿಡಿಯುತ್ತದೆ. ಭಾಷೆ, ಭಾಷಣ, ಭಾಷಾಂತರ ಒಂದು ಮನೆಯವು. ಮಧ್ಯ, ಮಧ್ಯಮ, ಮಧ್ಯಾಹ್ನ ಇನ್ನೊಂದು ಮನೆಯವು. ‘ವಿಧ್ಯಾರ್ಥಿ’ ಎಂಬ ತಪ್ಪು ದೊಡ್ಡವರ ಬರಹದಲ್ಲೂ ಕಾಣುತ್ತದೆ. ವಿದ್ಯೆ, ವಿದ್ಯಾಲಯ, ವಿದ್ಯಾರ್ಥಿ ಎಂದು ಒಟ್ಟಿಗೆ ಬರೆಸಿ, ಮಹಾಪ್ರಾಣ ಇರುವುದು ‘ರ್ಥಿ’ಯಲ್ಲಿ ಮಾತ್ರ ಎಂದು ಸುತ್ತು ಹಾಕಿಸಿ.

ಶ, ಷ, ಸಗಳಿಗೆ ನಾಲ್ಕನೆಯ ತರಗತಿಯ ನಂತರ ಒಂದು ಬಲು ಸೊಗಸಾದ ವಿಂಗಡಣೆಯಿದೆ. ಈ ಚೀಟಿಗಳನ್ನು ಕೊಡಿ: ಕಷ್ಟ, ಇಷ್ಟ, ಉಷ್ಣ, ನಿಷ್ಠೆ, ಆಶ್ಚರ್ಯ, ನಿಶ್ಚಯ, ಪಶ್ಚಿಮ, ಪುಸ್ತಕ, ವಿಸ್ತಾರ, ಹಸ್ತ. ಯಾವ ಒತ್ತಿನ ಮೇಲೆ ಯಾವ ಅಕ್ಷರ ಕುಳಿತಿದೆ ಎಂದು ಕೇಳಿ ಸುಮ್ಮನಿರಿ. ಟ, ಠ, ಣಗಳ ಮೇಲೆ ಷ. ಚದ ಮೇಲೆ ಶ. ತದ ಮೇಲೆ ಸ. ನಾಲಿಗೆ ಒಂದೇ ಜಾಗದಲ್ಲಿ ಎರಡೂ ಧ್ವನಿಗಳನ್ನು ಮಾಡಿ ಮುಗಿಸುತ್ತದೆ, ಅಷ್ಟೇ. ಪೋಸ್ಟ್, ಸ್ಟೇಷನ್‌ನಂಥ ಇಂಗ್ಲಿಷ್ ಪದಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವುಗಳಿಗೆ ಪ್ರತ್ಯೇಕ ಸಾಲು ಮಾಡಿ.

ಏಳನೆಯ ಹೆಜ್ಜೆ: ಉದ್ದ ಪದಗಳು

‘ಪುಸ್ತಕಗಳಲ್ಲಿ’ ಎಂಬ ಪದ ಕಂಡು ಹೆದರುವ ಮಗುವಿಗೆ ಬಾಲ ಕತ್ತರಿಸಲು ಕಲಿಸಿ: ಪುಸ್ತಕ, ಗಳು, ಅಲ್ಲಿ. ಗಳು, ಅನ್ನು, ಇಂದ, ಗೆ, ಅಲ್ಲಿ ಎಂಬ ಕೆಲವೇ ಬಾಲಗಳು ಸಾವಿರಾರು ಪದಗಳಿಗೆ ಅಂಟಿಕೊಳ್ಳುತ್ತವೆ. ಆಮೇಲೆ ವಿಂಗಡಣೆ: ಮನೆಗೆ, ನದಿಗೆ ಒಂದು ಸಾಲು, ಮರಕ್ಕೆ, ಪುಸ್ತಕಕ್ಕೆ ಇನ್ನೊಂದು, ಊರಿಗೆ, ಕಾಡಿಗೆ ಮತ್ತೊಂದು. ಮೂಲಪದದ ಕೊನೆಯ ಸ್ವರ ನೋಡಿದರೆ ಗುಟ್ಟು ಬಯಲಾಗುತ್ತದೆ. ‘ಮನೆಯನ್ನು’ ಎಂಬಲ್ಲಿ ಯ ಬಂದು ‘ಮರವನ್ನು’ ಎಂಬಲ್ಲಿ ವ ಏಕೆ ಬಂತು ಎಂಬುದನ್ನೂ ಹೀಗೆಯೇ ಹುಡುಕಿಸಿ. ಸಂಧಿಯ ಹೆಸರುಗಳು ಆಮೇಲೆ ಬಂದರೂ ತಡವಾಗುವುದಿಲ್ಲ.

ಸಮಯ ಮತ್ತು ತಿದ್ದುವ ರೀತಿ

ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ಐದು ದಿನ. ಮಗು ತಪ್ಪಾಗಿ ಬರೆದಾಗ ಪದದ ಸರಿಯಾದ ಭಾಗವನ್ನು ಮೊದಲು ಹೇಳಿ: ‘ಪು ಸರಿ, ಕ ಸರಿ. ನಡುವಿನದನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡು’. ತಿದ್ದಿದ ಪದ ಮಗುವಿನ ಕೈಬರಹದಲ್ಲೇ ಇರಲಿ. ಕಥೆ ಬರೆಯುತ್ತಿರುವ ಮಗುವನ್ನು ಕಾಗುಣಿತಕ್ಕಾಗಿ ನಡುವೆ ತಡೆಯಬೇಡಿ, ಕಥೆ ಮುಗಿಯಲಿ.

ತಿಂಗಳುಗಟ್ಟಲೆ ಹೀಗೆ ಮಾಡಿದರೂ ಮಗು ಕಲಿತ ಅಕ್ಷರಗಳನ್ನೇ ಮತ್ತೆ ಮತ್ತೆ ಮರೆಯುತ್ತಿದ್ದರೆ, ಓದಲು ಕುಳಿತರೆ ಅಳುತ್ತಿದ್ದರೆ, ಮೊದಲು ದೃಷ್ಟಿ ಮತ್ತು ಶ್ರವಣದ ಪರೀಕ್ಷೆ ಮಾಡಿಸಿ. ಅವು ಸರಿಯಿದ್ದರೆ ಕಲಿಕಾ ತೊಂದರೆಗಳನ್ನು ಬಲ್ಲ ತಜ್ಞರಿಗೆ ತೋರಿಸಿ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವುದರಲ್ಲಿನ ತೊಂದರೆ, ಇರುವ ಮಕ್ಕಳೂ ಓದಲು ಕಲಿಯುತ್ತಾರೆ. ಅವರಿಗೆ ಇದೇ ಹೆಜ್ಜೆಗಳು ಇನ್ನಷ್ಟು ಚಿಕ್ಕದಾಗಿ, ಇನ್ನಷ್ಟು ಸಲ ಬೇಕಾಗುತ್ತವೆ. ‘ಸೋಮಾರಿ’ ಎಂಬ ಪಟ್ಟ ಕಟ್ಟಬೇಡಿ.

ಎಂಟು ಹತ್ತು ವಾರಗಳಾದ ಮೇಲೆ ಅವೇ 20 ಪದಗಳನ್ನು ಮತ್ತೆ ಬರೆಸಿ. ಹಳೆಯ ಹಾಳೆಯನ್ನು ತೆಗೆದು ಹೊಸದರ ಪಕ್ಕದಲ್ಲಿಡಿ. ಏನೇನು ಬದಲಾಯಿತು ಎಂದು ನೀವು ಹೇಳಬೇಡಿ, ಮಗುವೇ ಬೆರಳಿಟ್ಟು ಹುಡುಕಲಿ. ಎರಡೂ ಹಾಳೆಗಳಲ್ಲಿ ತಪ್ಪಾಗಿಯೇ ಉಳಿದ ಪದಗಳಿಗೆ ಅದರ ಕೈಯಲ್ಲೇ ಸುತ್ತು ಹಾಕಿಸಿ. ಮುಂದಿನ ವಾರದ ಚೀಟಿಗಳನ್ನು ಆ ಪದಗಳಿಂದ ಮಾಡಿಕೊಳ್ಳಿ.